ಬೋರ್ಗಿಲ್ಡ್ ಹೆಸರಲ್ಲಿ ಏನೂ ಇಲ್ಲ

ಬೋರ್ಗಿಲ್ಡ್ ಟ್ವೇಟ್ ಮೀನು ಸೀಳುತ್ತಲೇ ಬಾಳು ಸವೆಸಿದವಳು. ಅಮೆರಿಕದ ಲೇಕ್ ಸುಪೀರಿಯರ್ ಸರೋವರದ ದಂಡೆಯಲ್ಲಿ ಗಂಡ ಆಲ್ವಿನ್ ಬಲೆ ಎಳೆದು ತಂದ ಹೆರಿಂಗ್ ಮೀನಿಗೆ ಉಪ್ಪು ಹಾಕಿ, ಇಬ್ಬರು ಮಕ್ಕಳನ್ನು ಓದಿಸಿದಳು. ಗಂಡ ತೀರಿಕೊಂಡ ಮೇಲೆ ಡುಲುತ್ ಊರಿನ ವೃದ್ಧಾಶ್ರಮ ಸೇರಿದವಳು, ತೊಂಬತ್ತು ದಾಟಿದ ಈ ವಯಸ್ಸಿನಲ್ಲಿ ಒಂದೇ ಮಾತು ಹಿಡಿದು ಕೂತಿದ್ದಳು. ತಾನು ಪತ್ರಿಕೆಗೆ ಬರೆಯುತ್ತಿದ್ದೆ, ಅಚ್ಚಾಗುತ್ತಿತ್ತು ಅಂತ.

ಮಗ ರೂಬೆನ್ ಇದನ್ನು ಅರಳುಮರಳು ಎಂದು ತೀರ್ಮಾನಿಸಿಬಿಟ್ಟ. ಅವಳು ಒಮ್ಮೆ ಪಕ್ಕದವರ ಕೋಣೆಗೂ ಹೋಗಿ ಮಲಗಿದ್ದಳು ನೋಡಿ, ಪಾಪ, ಅವನಿಗೂ ಹೆದರಿಕೆ. ಸೋಮವಾರ ವೈದ್ಯರ ಜೊತೆ ಮಾತಾಡಿ ಅಮ್ಮನನ್ನು ಮರೆವಿನವರ ವಿಭಾಗಕ್ಕೆ ಸೇರಿಸುವುದೆಂದು ಅಕ್ಕನಿಗೆ ಫೋನು ಮಾಡಿದ. ಆ ವಿಭಾಗದ ಬಾಗಿಲಿಗೆ ಯಾವಾಗಲೂ ಬೀಗ. ಅಮ್ಮ ಬರೆದದ್ದನ್ನು ಅಕ್ಕ ಮಾರ್ಲಿಸ್ ಕೂಡ ಕಂಡವಳಲ್ಲ. ಆದರೂ ಹುಡುಕದೆ ಒಪ್ಪುವುದು ಹೇಗೆ?

ಶನಿವಾರ ಗ್ರಂಥಾಲಯಕ್ಕೆ ಹೋಗಿ, ಹಳೆಯ ಪತ್ರಿಕೆಗಳ ಡೇಟಾಬೇಸಿನಲ್ಲಿ ಅಮ್ಮನ ಹೆಸರು ಬರೆದು ಗುಂಡಿ ಒತ್ತಿದಳು. ರಾಶಿ ರಾಶಿ ಬಂತು, ಎಲ್ಲ ಯಾರ್ಯಾರದೋ. ಗ್ರಂಥಪಾಲಕಿ ಟೆರೀಸ್ ಬಂದು ಪಕ್ಕದಲ್ಲಿ ಕೂತಳು. ಹುಡುಕುವ ದೊಡ್ಡ ಚೌಕದಲ್ಲಿ ಬರೆದರೆ ಆ ಪದ ಎಲ್ಲೇ ಇದ್ದರೂ ಎಳೆದು ತರುತ್ತದೆ, ಬರೆದವರು ಬೇಕಾದರೆ 'ಲೇಖಕರು' ಎಂಬುದನ್ನು ಆರಿಸಿ, ಮನೆತನದ ಹೆಸರು ಮೊದಲು ಹಾಕಬೇಕು ಎಂದಳು. ಹಾಗೇ ಮಾಡಿದರು. ಟ್ವೇಟ್, ಬೋರ್ಗಿಲ್ಡ್. ಏನೂ ಇಲ್ಲ. ಮದುವೆಗೆ ಮುಂಚಿನ ಹೆಸರು ಹಾಕಿದರು. ಅದೂ ಇಲ್ಲ. ರೂಬೆನ್ ಹೇಳಿದ್ದೇ ನಿಜವೇನೋ ಎಂದುಕೊಂಡು ಮಾರ್ಲಿಸ್ ಏಳಲು ಹೊರಟಳು.

ಟೆರೀಸ್ ಬಿಡಲಿಲ್ಲ. ಬರೀ ಟ್ವೇಟ್ ಅಂತ ಹಾಕಿ, ಲೇಖಕರ ಪಟ್ಟಿಯನ್ನೇ ತೆರೆಸಿದಳು. ಅಲ್ಲಿತ್ತು: ಟ್ವೇಟ್, ಆಲ್ವಿನ್.

ಮಾರ್ಲಿಸ್‌ಗೆ ನಗು ತಡೆಯಲಾಗಲಿಲ್ಲ. "ನಮ್ಮಪ್ಪನಾ? ಅಂಗಡಿ ಚೀಟಿನೂ ಅಮ್ಮನ ಕೈಲೇ ಬರೆಸ್ತಿದ್ರು!"

ನಗುತ್ತಲೇ ಪುಟ ತೆರೆದಳು. ಲೇಕ್ ಸುಪೀರಿಯರ್ ಅಂದರೆ ಕೆರೆಯಂಥ ಸರೋವರವಲ್ಲ, ಸಮುದ್ರದಂಥದ್ದು. ಅದು ಹೆಪ್ಪುಗಟ್ಟುವ ಬೆಳಿಗ್ಗೆ ಬಲೆಗೆ ಹೋದ ಗಂಡನಿಗಾಗಿ ಕಿಟಕಿಯಲ್ಲಿ ಕಾಯುವುದನ್ನು ಕುರಿತ ಬರಹ. ಒಲೆಯ ಮೇಲೆ ಕಾಫಿ ಎರಡು ಸಲ ಉಕ್ಕಿತ್ತಂತೆ. ಕೆಳಗೆ ಅಚ್ಚಾದ ಹೆಸರು: ಮಿಸೆಸ್ ಆಲ್ವಿನ್ ಟ್ವೇಟ್, ಅಂದರೆ ಆಲ್ವಿನ್‌ನ ಹೆಂಡತಿ. ಪಟ್ಟಿ ಮಾಡಿದವರು ಯಾರೋ 'ಮಿಸೆಸ್' ಅನ್ನೋದನ್ನ ಬಿಟ್ಟು, ಬರೆದವಳನ್ನೇ ಬಿಟ್ಟುಬಿಟ್ಟಿದ್ದರು. ಮಾರ್ಲಿಸ್ ಅಳತೊಡಗಿದಳು. ಅಮ್ಮನಿಗೆ ಬರುತ್ತಿದ್ದ ಕಾಗದಗಳ ಮೇಲೆಲ್ಲ ಅದೇ ಹೆಸರು ಇರುತ್ತಿತ್ತು. ಎರಡು ಮದುವೆಯಾದರೂ ತನ್ನ ಹೆಸರು ಬಿಡದ ಮಗಳಿಗೆ ಅದು ಹೊಳೆದೇ ಇರಲಿಲ್ಲ. ಆ ಹೆಸರಲ್ಲಿ ಇನ್ನೂ ಹಲವು ಸಿಕ್ಕವು.

ಭಾನುವಾರ ರೂಬೆನ್‌ನ ಎದುರೇ ಅಮ್ಮನ ಕೈಗೆ ಪ್ರತಿಗಳನ್ನು ಕೊಟ್ಟಳು. ಬೋರ್ಗಿಲ್ಡ್ ಕನ್ನಡಕ ಸರಿಮಾಡಿಕೊಂಡು ಓದಿದಳು.

"ಯಾವ ಹೆಸರು ಹಾಕಿ ಹುಡುಕಿದ್ಯೇ?"

"ಬೋರ್ಗಿಲ್ಡ್ ಅಂತ."

"ಆಗ ನನ್ನನ್ನ ಹಾಗೆ ಯಾರು ಕರೀತಿದ್ರು?"

ರೂಬೆನ್ ಒಂದು ಪುಟ ಈಸಿಕೊಂಡು ಕೊನೆಯವರೆಗೂ ಓದಿದ. ಆಮೇಲೆ, ನಾಳೆ ವೈದ್ಯರಿಗೆ ಬೇಡ ಎಂದು ಹೇಳುತ್ತೇನೆ ಎಂದ.

ಟೆರೀಸ್ ಪಟ್ಟಿಯ ತಪ್ಪು ತಿದ್ದಲು ಡೇಟಾಬೇಸಿನವರಿಗೆ ಬರೆದು ಕಳಿಸುತ್ತಾಳೆ, ಯಾವ ಹೆಸರು ಹಾಕಿಸಲಿ ಎಂದು ಮಾರ್ಲಿಸ್ ಕೇಳಿದಳು. ಮುದುಕಿ ಕನ್ನಡಕ ತೆಗೆದಳು.

"ಬೋರ್ಗಿಲ್ಡ್ ಅಂತ್ಲೇ ಹಾಕ್ಸು. ಆದ್ರೆ ಆಲ್ವಿನ್‌ನೂ ತೆಗೀಬೇಡ. ಹಿಮದಲ್ಲಿ ನಡ್ಕೊಂಡು ಹೋಗಿ ಅಂಚೆಗೆ ಹಾಕಿ ಬರ್ತಿದ್ದಿದ್ದು ನಿಮ್ಮಪ್ಪನೇ."