ಕಟ್ಟೆಯ ಮುಂದೆ ಇಳಿಯದವನು

ನರಸಿಂಹರಾಜು ತೀರಿಕೊಂಡ ದಿನ ಬಂದವರೆಲ್ಲ ಹೆಚ್ಚುಕಮ್ಮಿ ಒಂದೇ ಮಾತು ಹೇಳಿದರು. ತಗ್ಗಿ ಬಗ್ಗಿ ನಡೆದ ಮನುಷ್ಯ, ಯಾರಿಗೂ ಎದುರು ನಿಂತವನಲ್ಲ, ಅಂಥವರು ಈಗ ಸಿಗುವುದಿಲ್ಲ. ಸಾವಿನ ಮನೆಯ ಮುಂದೆ ಆಡುವ ಮಾತನ್ನು ಯಾರೂ ತಿದ್ದುವುದಿಲ್ಲ; ಅವತ್ತೂ ತಿದ್ದಲಿಲ್ಲ. ಆದರೆ ಅದು ಸುಳ್ಳು. ಅವನ ಕೊನೆಯ ಆರು ವರ್ಷಗಳನ್ನು ಕಂಡವರಿಗೆ ಅದು ಸುಳ್ಳೆಂದು ಗೊತ್ತು. ಅವನು ಎದುರು ನಿಂತಿದ್ದ. ಸರಿಯಾಗಿ ಹೇಳುವುದಾದರೆ ನಿಂತಿರಲಿಲ್ಲ, ಕೂತಿದ್ದ. ಪೆಟ್ರೋಲ್ ಮುಗಿದ ಹೊಸ ಬೈಕಿನ ಮೇಲೆ, ಬಿಸಿಲಿನಲ್ಲಿ, ಊರ ಕಟ್ಟೆಯ ಮುಂದೆ.

ಮಧುಗಿರಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಊರು ಅವನದು. ಊರಿನ ಹಿಂದುಗಡೆ ದಲಿತರ ಕಾಲೋನಿ. ಕಾಲೋನಿಯಿಂದ ಟಾರು ರಸ್ತೆಗೆ ಹೋಗಬೇಕಾದರೆ ದೊಡ್ಡಬೀದಿಯನ್ನು ದಾಟಲೇಬೇಕು, ಬೇರೆ ದಾರಿಯಿಲ್ಲ. ದೊಡ್ಡಬೀದಿಯ ಮಧ್ಯೆ ಬೇವಿನ ಮರ, ಮರದ ಸುತ್ತ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಊರ ಯಜಮಾನರು. ನರಸಿಂಹರಾಜುವಿನ ಅಪ್ಪ ಕದರಪ್ಪ ಬಂಡೆಯಲ್ಲಿ ಕಲ್ಲು ಒಡೆಯುತ್ತಿದ್ದ. ಕಾಲೋನಿಗೆ ಮೊದಲ ಸೈಕಲ್ ತಂದವನು ಅವನೇ. ಆ ಸೈಕಲ್ಲನ್ನು ಅವನು ದೊಡ್ಡಬೀದಿಯಲ್ಲಿ ಒಂದು ದಿನವೂ ತುಳಿಯಲಿಲ್ಲ. ಕಟ್ಟೆ ಕಾಣುವ ಮೊದಲೇ ಇಳಿದು, ತಲೆಗೆ ಸುತ್ತಿದ ಟವೆಲ್ ತೆಗೆದು ಹ್ಯಾಂಡಲ್ಲಿಗೆ ಹಾಕಿ, ತಳ್ಳಿಕೊಂಡು ಹೋಗುತ್ತಿದ್ದ. ಹಿಂದೆ ಹೆಂಡತಿ ದೊಡ್ಡಕ್ಕ ನಡೆಯುತ್ತಿದ್ದಳು. ಬೀದಿ ದಾಟಿದ ಮೇಲೆ ಅವನು ಹತ್ತುತ್ತಿದ್ದ, ಅವಳು ಕ್ಯಾರಿಯರ್ ಮೇಲೆ ಕೂರುತ್ತಿದ್ದಳು.

ಕಾಲ ಬದಲಾಯಿತು. ನರಸಿಂಹರಾಜು ಓದಿ, ಮಧುಗಿರಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾದ. ಕಾಲೋನಿಯ ಹುಡುಗರು ಬೈಕು ತಂದರು. ಅವರು ಕಟ್ಟೆಯ ಮುಂದೆ ಧೂಳೆಬ್ಬಿಸಿಕೊಂಡು ಹೋದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಮುಖ ಮಾತ್ರ ಸಿಂಡರಿಸುತ್ತಿದ್ದರು. ಇಳಿಯಬೇಕೆಂದು ನರಸಿಂಹರಾಜುವಿಗೂ ಯಾರೂ ಹೇಳಿರಲಿಲ್ಲ. ಆದರೂ ಅವನು ಸೈಕಲ್ಲಿನಿಂದ ಇಳಿಯುತ್ತಿದ್ದ. ಬೆಳಿಗ್ಗೆ ಬಸ್ಸಿಗೆಂದು ಟಾರು ರಸ್ತೆಗೆ ಹೋಗುವಾಗ ಒಮ್ಮೆ, ಸಂಜೆ ಬರುವಾಗ ಒಮ್ಮೆ. ಬೇವಿನ ಮರ ಕಂಡ ಕೂಡಲೇ ಬಲಗಾಲು ತಾನಾಗಿಯೇ ಎದ್ದು ಆಚೆಯಿಂದ ಈಚೆಗೆ ಬಂದುಬಿಡುತ್ತಿತ್ತು. ತಲೆ ಹೇಳಿದ್ದನ್ನು ಕಾಲು ಕೇಳುತ್ತಿರಲಿಲ್ಲ.

ಮಗಳು ಸಹನಾ ಚಿಕ್ಕವಳಿದ್ದಾಗ ಕ್ಯಾರಿಯರ್ ಮೇಲೆ ಕೂತು ಕೇಳಿದ್ದಳು.

"ಯಾಕಪ್ಪಾ ಇಳ್ದೆ?"

"ಏರು ಕಣಮ್ಮ."

ಅವಳು ಮುಂದೆ ನೋಡಿದಳು, ಹಿಂದೆ ತಿರುಗಿ ನೋಡಿದಳು. "ಇಲ್ಲಿ ಏರೇ ಇಲ್ವಲ್ಲಪ್ಪಾ."

ಅವನು ಸೈಕಲ್ ತಳ್ಳುತ್ತಲೇ ಹೋದ. ಆ ಉತ್ತರ ಬಾಕಿ ಉಳಿಯಿತು.

ಅವನನ್ನು ಕೆಣಕಿದ್ದು ಯಾರ ಬೈಗುಳವೂ ಅಲ್ಲ, ಒಂದು ಹೊಗಳಿಕೆ. ಒಂದು ಸಂಜೆ ಅವನು ಸೈಕಲ್ ತಳ್ಳಿಕೊಂಡು ಬರುವಾಗ, ಕಾಲೋನಿಯ ಇಬ್ಬರು ಹುಡುಗರು ಬೈಕಿನಲ್ಲಿ ಹಾದುಹೋದರು. ಕಟ್ಟೆಯ ಹಿರಿಯ ಪರ್ವತಯ್ಯ ಕೂಗಿ ಹೇಳಿದರು: "ಲೇ, ನೋಡ್ ಕಲೀರ್ಲಾ ಇವನ್ನ! ಗೌರ್ಮೆಂಟ್ ಕೆಲ್ಸದಾಗವ್ನೆ, ಆದ್ರೂ ಮರ್ವಾದೆ ಬುಟ್ಟಿಲ್ಲ. ಅವ್ರಪ್ಪನ ಗುಣ ಅಂಗೇ ಬಂದೈತೆ." ಹುಡುಗರು ತಿರುಗಿ ನೋಡಿ ನಕ್ಕರು. ಪರ್ವತಯ್ಯನವರ ಹೊಗಳಿಕೆಯನ್ನಾದರೂ ಸಹಿಸಬಹುದಿತ್ತು, ಆ ಹುಡುಗರ ನಗುವನ್ನು ಸಹಿಸಲಾಗಲಿಲ್ಲ.

ಮಾರನೆಯ ದಿನ ಶಾಲೆಯಲ್ಲಿ ಸ್ನೇಹಿತ ಪ್ರಸನ್ನಕುಮಾರ್ ಹತ್ತಿರ ಹೋಗಿ, "ಮೇಷ್ಟ್ರೇ, ನಂಗೆ ಬೈಕ್ ಓಡ್ಸೋದು ಕಲಿಸ್ಬೇಕು" ಅಂದ. ಪ್ರಸನ್ನಕುಮಾರ್ ಅದೇ ಶಾಲೆಯ ಕನ್ನಡ ಮೇಷ್ಟ್ರು. ಮಧ್ಯಾಹ್ನದ ಬುತ್ತಿಯನ್ನು ಇಪ್ಪತ್ತು ವರ್ಷ ಇಬ್ಬರೂ ಒಟ್ಟಿಗೆ ಬಿಚ್ಚಿದವರು.

"ಈ ವಯಸ್ಸಲ್ಲಿ? ಐವತ್ತಾಯ್ತಲ್ಲಯ್ಯಾ."

"ನಲವತ್ತೊಂಬತ್ತು."

"ಸ್ಕೂಟರ್ ತಗೋ. ಗೇರಿಲ್ಲ, ಗೋಳಿಲ್ಲ."

"ಸ್ಕೂಟರ್ ಬ್ಯಾಡ. ಅದ್ರಾಗೆ ಮುಂದೆ ಎಲ್ಲಾ ಖಾಲಿ. ಥಟ್ ಅಂತ ಇಳ್ದ್‌ಬುಡ್ಬೋದು. ನನ್ ಕಾಲಿನ ಬುದ್ಧಿ ನಂಗೊತ್ತು. ಇಳಿಯಾಕೆ ಕಷ್ಟ ಆಗೋ ಗಾಡಿ ಬೇಕು."

ಜಗತ್ತಿನಲ್ಲಿ ಗಾಡಿ ಕೊಳ್ಳುವವರು ಮೈಲೇಜು ಕೇಳುತ್ತಾರೆ, ಬೆಲೆ ಕೇಳುತ್ತಾರೆ. ಇಳಿಯಲು ಕಷ್ಟವಾಗುವ ಗಾಡಿ ಕೇಳಿದವನು ಇವನೊಬ್ಬನೇ ಇರಬೇಕು.

ಭಾನುವಾರಗಳಲ್ಲಿ ಶಾಲೆಯ ಮೈದಾನದಲ್ಲಿ ಕಲಿಕೆ ನಡೆಯಿತು. ಕ್ಲಚ್ ಬಿಟ್ಟರೆ ಗಾಡಿ ಆಡಿನಂತೆ ನೆಗೆಯುತ್ತಿತ್ತು. ಹಿಡಿದರೆ ಕಿರುಚಿಕೊಂಡು ಇದ್ದಲ್ಲೇ ಇರುತ್ತಿತ್ತು. ಒಮ್ಮೆ ಕಬಡ್ಡಿ ಅಂಕಣದ ಗೆರೆ ದಾಟಿ ಬೇಲಿಗೆ ನುಗ್ಗಿದ. ಪ್ರಸನ್ನಕುಮಾರ್ ಓಡಿಬಂದು, "ಬ್ರೇಕ್ ಹಾಕೋದು ಬಿಟ್ಟು ಯಾಕಯ್ಯಾ ಕಣ್ಣು ಮುಚ್ಕೊಂಡೆ?" ಎಂದು ಬೈದರೆ, ಮುಳ್ಳು ಕೀಳುತ್ತಾ, "ದೇವ್ರು ಬ್ರೇಕ್ ಹಾಕ್ತಾನೆ ಅಂದ್ಕೊಂಡೆ" ಅಂದ. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಬರೆಯುವಾಗ ಮೊದಲ ಸಲ ಕಾಲು ಊರಿ ಫೇಲಾದ, ಎರಡನೆಯ ಸಲ ಪಾಸಾದ. ಎಡಗಡೆಗೆ ತಿರುಗುವುದು ಬಂತು. ಬಲಗಡೆಗೆ, ಎದುರಿನಿಂದ ಗಾಡಿ ಬರುತ್ತಿರುವಾಗ ತಿರುಗುವುದು ಮಾತ್ರ ಕೊನೆಗೂ ಸರಿಯಾಗಿ ಬರಲಿಲ್ಲ.

ಅದರಿಂದಲೇ ಎಲ್ಲ ಆದದ್ದು.

ಬೈಕು ತಂದದ್ದು ಒಂದು ಶನಿವಾರ, ಶಾಲೆ ಬಿಟ್ಟ ಮೇಲೆ. ಕಪ್ಪು ಬಣ್ಣ, ಎತ್ತರದ ಟ್ಯಾಂಕು. ಷೋರೂಮಿನ ಮುಂದೆ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ ಕಟ್ಟಿದರು. "ಸಾರ್, ಸೀದಾ ಬಂಕಿಗೆ ಹೋಗಿ. ನಾವು ಹಾಕಿರೋದು ಬಂಕ್ ತನಕ ಸಾಕಾಗೋವಷ್ಟೇ" ಎಂದು ಅಲ್ಲಿಯ ಹುಡುಗಿ ಒತ್ತಿ ಹೇಳಿದಳು. ಅವನು ತಲೆಯಾಡಿಸಿದ. ಬಂಕ್ ಕಂಡಿತು ಕೂಡ. ಆದರೆ ಅದಿದ್ದದ್ದು ರಸ್ತೆಯ ಬಲಗಡೆ. ಎದುರಿನಿಂದ ಲಾರಿ ಬಂತು, ಅದರ ಹಿಂದೆ ತುಮಕೂರಿನ ಬಸ್ಸು, ಅದರ ಹಿಂದೆ ಟ್ರ್ಯಾಕ್ಟರ್. ಬಲಕ್ಕೆ ತಿರುಗುವ ಧೈರ್ಯವಾಗಲಿಲ್ಲ. ಮುಂದೆ ಎಡಗಡೆ ಇನ್ನೊಂದು ಬಂಕ್ ಸಿಗುತ್ತದೆ ಎಂದುಕೊಂಡು ನೇರ ಹೋದ. ಸಿಗಲಿಲ್ಲ. ಊರಿನವರೆಗೂ ಎರಡನೆಯ ಗೇರಿನಲ್ಲೇ, ಗಾಡಿ ಗೊರಗೊರ ಅಳುತ್ತಿದ್ದರೂ ಬಿಡದೆ ಓಡಿಸಿದ. ಎರಡನೆಯ ಗೇರು ಕುಡಿಯುವಷ್ಟು ಪೆಟ್ರೋಲನ್ನು ಮೇಲಿನ ಯಾವ ಗೇರೂ ಕುಡಿಯುವುದಿಲ್ಲ ಎಂದು ಅವನಿಗೆ ಯಾರು ಹೇಳಿದ್ದರು?

ಬೇವಿನ ಮರ ಕಂಡಿತು. ಬಲಗಾಲು ಮಿಸುಕಿತು. "ಸುಮ್ನಿರು" ಎಂದು ಕಾಲಿಗೆ ಹೇಳಿದ. ಗಾಡಿ ಎರಡು ಸಲ ಬಿಕ್ಕಿತು. ಸರಿಯಾಗಿ ಕಟ್ಟೆಯ ಮುಂದೆ, ಬೀದಿಯ ನಟ್ಟನಡುವೆ ನಿಂತುಹೋಯಿತು.

ಸೆಲ್ಫ್ ಒತ್ತಿದ. ಕುಯ್ ಕುಯ್ ಅಂದಿತು, ಅಷ್ಟೆ.

"ಯಾಕ್ಲಾ ರಾಜಾ, ಏನಾಯ್ತು?" ಪರ್ವತಯ್ಯ ಕೇಳಿದರು.

"ನಿಂತೋಯ್ತು ಅಯ್ಯೋರೆ. ಪೆಟ್ರೋಲ್ ಮುಗ್ದೈತೆ."

ಪಕ್ಕದಲ್ಲಿ ಕೂತಿದ್ದ ರುದ್ರಮುನಿ, ಅವನೊಂದಿಗೆ ಪ್ರೈಮರಿ ಶಾಲೆಗೆ ಹೋದವನು, ತೊಡೆ ತಟ್ಟಿಕೊಂಡು ನಕ್ಕ. "ಕುದ್ರೆಗೆ ಹುಲ್ಲು ಹಾಕ್ದಲೆ ಏರ್ಕೊಂಡ್ ಬಂದವ್ನೆ ದೊರೆ!"

"ಆಯ್ತು ಬುಡ್ಲಾ. ಇಳ್ದು ತಳ್ಕೊಂಡ್ ಹೋಗು," ಅಂದರು ಪರ್ವತಯ್ಯ. "ನಿಮ್ಮಪ್ಪ ತಳ್ಳಿಲ್ವಾ? ನೀನ್ ಇಷ್ಟು ವರ್ಸ ತಳ್ಳಿಲ್ವಾ? ಅಭ್ಯಾಸ ಐತಲ್ಲ."

ಕಟ್ಟೆಯೆಲ್ಲ ನಕ್ಕಿತು. ಅವರು ಕೆಟ್ಟದ್ದನ್ನೇನೂ ಹೇಳಿರಲಿಲ್ಲ, ಪೆಟ್ರೋಲಿಲ್ಲದ ಗಾಡಿಯನ್ನು ಯಾರಾದರೂ ತಳ್ಳಲೇಬೇಕು. ಆದರೆ ಇವತ್ತು ಇಲ್ಲಿ ಇಳಿದರೆ, ಯಾಕೆ ಇಳಿದ ಎಂದು ನಾಳೆ ಯಾರೂ ಕೇಳುವುದಿಲ್ಲ. ಇಳಿದ ಎಂದಷ್ಟೇ ಉಳಿಯುತ್ತದೆ. ಬಲಗಾಲು ಆಗಲೇ ಅರ್ಧ ಎದ್ದಿತ್ತು. ನರಸಿಂಹರಾಜು ಅದನ್ನು ನೋಡಿದ. ಕೈಯಿಂದ ಮಂಡಿಯನ್ನು ಅದುಮಿ ಕಾಲನ್ನು ನೆಲಕ್ಕೆ ಊರಿದ.

"ಇಳಿಯಾಕಿಲ್ಲ ಅಯ್ಯೋರೆ."

"ಏನಂದೆ?"

"ಇಳಿಯಾಕಿಲ್ಲ ಅಂದೆ. ಇಲ್ಲಿ ಏರಿಲ್ವಲ್ಲ."

ಏರಿನ ಮಾತು ಕಟ್ಟೆಯ ಮೇಲಿದ್ದ ಯಾರಿಗೂ ಅರ್ಥವಾಗಲಿಲ್ಲ. ಇಳಿಯುವುದಿಲ್ಲ ಅನ್ನುವುದು ಎಲ್ಲರಿಗೂ ಅರ್ಥವಾಯಿತು. ನಗು ನಿಂತಿತು.

ಇಪ್ಪತ್ತು ಹೆಜ್ಜೆ ಆಚೆ ಪುಷ್ಪಾವತಿಯ ಅಂಗಡಿ. ಬಾಗಿಲ ಪಕ್ಕದ ಹಲಗೆಯ ಮೇಲೆ ನೀರಿನ ಬಾಟಲಿಗಳಲ್ಲಿ ತುಂಬಿಟ್ಟ ಪೆಟ್ರೋಲ್ ಹಳದಿಯಾಗಿ ಹೊಳೆಯುತ್ತಿತ್ತು. ನರಸಿಂಹರಾಜು ಕೂತಲ್ಲಿಂದಲೇ ಕೂಗಿದ. "ಪುಷ್ಪಾವತಮ್ಮ, ಒಂದ್ ಬಾಟ್ಲಿ ಪೆಟ್ರೋಲು!"

"ಬಂದ್ ತಗೊಂಡ್ ಹೋಗಪ್ಪ. ನಂಗೆ ಮಂಡಿನೋವು."

"ಗಾಡಿ ಬುಟ್ಟು ಬರಂಗಿಲ್ಲ ಕಣಮ್ಮ."

"ಅದನ್ಯಾರು ಹೊತ್ಕೊಂಡ್ ಹೋಗ್ತಾರೆ?"

"ಗಾಡಿ ಹೋಯ್ತದೆ ಅಂತಲ್ಲ ಕಣಮ್ಮ," ಅಂದ. ಅವಳು ಅವನನ್ನು ನೋಡಿದಳು, ಕಟ್ಟೆಯನ್ನು ನೋಡಿದಳು. ಒಳಗೆ ಹೋಗಿಬಿಟ್ಟಳು.

ಬಿಸಿಲು ಹೆಲ್ಮೆಟ್ಟನ್ನು ಕಾಯಿಸುತ್ತಿತ್ತು. ಅದನ್ನು ತೆಗೆಯಲು ಕೈ ಎತ್ತಿದ, ಅಪ್ಪನ ಟವೆಲ್ ನೆನಪಾಯಿತು, ಕೈ ಇಳಿಸಿದ. ರುದ್ರಮುನಿ ಎದ್ದು ನಿಂತು ಸಮಾಧಾನದ ದನಿಯಲ್ಲಿ, "ಹೋಗ್ಲಿ ಬಾರಪ್ಪ, ನಾನೇ ತಳ್ಕೊಡ್ತೀನಿ, ನೀನ್ ಇಳಿ" ಅಂದ.

"ತಳ್ಳೋದಾದ್ರೆ ನಾನ್ ಮೇಲಿದ್ದಂಗೇ ತಳ್ಳು."

"ಏನ್ಲಾ ಅಂದೆ?" ರುದ್ರಮುನಿಯ ಕತ್ತಿನ ನರ ಉಬ್ಬಿತು. ಪರ್ವತಯ್ಯ ಅವನ ಪಂಚೆ ಹಿಡಿದು ಕೂರಿಸಿದರು. ನರಸಿಂಹರಾಜು ಎರಡೂ ತೊಡೆಯಿಂದ ಟ್ಯಾಂಕನ್ನು ಬಿಗಿಯಾಗಿ ಅಪ್ಪಿಕೊಂಡ.

ಆಗ ಹಿಂದಿನಿಂದ ಬಸ್ಸು ಬಂತು. ಮಧುಗಿರಿಯಿಂದ ಹೊರಟು, ದಿನಕ್ಕೊಮ್ಮೆ ಮಾತ್ರ ಊರೊಳಗೆ ಹಾದು ಆಚೆಯ ಹಳ್ಳಿಗಳಿಗೆ ಹೋಗುವ ಬಸ್ಸು, ಸಂತೆ ಚೀಲ, ಮಕ್ಕಳು, ಕೋಳಿ ಎಲ್ಲ ತುಂಬಿತ್ತು. ಡ್ರೈವರ್ ಹಾರನ್ ಮೇಲೆ ಕೈಯಿಟ್ಟವನು ತೆಗೆಯಲಿಲ್ಲ. ಕಂಡಕ್ಟರ್ ಇಳಿದು ಬಂದ. "ಯಜಮಾನ್ರೇ, ಸೈಡ್ ತಗೊಳ್ರಿ!"

"ಪೆಟ್ರೋಲಿಲ್ಲ."

"ಇಳ್ದು ಪಕ್ಕಕ್ಕೆ ತಳ್ರಿ!"

"ಅದೊಂದ್ ಬುಟ್ಟು ಬೇರೆ ಏನಾದ್ರೂ ಹೇಳಿ."

ಕಂಡಕ್ಟರನಿಗೆ ತಲೆಬುಡ ತಿಳಿಯಲಿಲ್ಲ. ಬಸ್ಸಿನ ಕಿಟಕಿಯಿಂದ ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ತಲೆ ಹೊರಗೆ ಹಾಕಿದಳು. ಅವಳು ಬೇರೆ ಊರಿನವಳು, ಈ ಊರಿನ ಕಟ್ಟಳೆ ಅವಳಿಗೆ ಗೊತ್ತಿಲ್ಲ. "ರೀ ಕಟ್ಟೆ ಮೇಲ್ ಕುಂತಿರೋರೆ! ಪೆಟ್ರೋಲು ಅಲ್ಲೇ ಕಾಣ್ತಾ ಐತೆ, ಮಕ್ಕಳು ಇಲ್ಲಿ ಬೇಯ್ತಾ ಅವೆ. ಅಷ್ಟು ಜನ ಗಂಡಸ್ರಲ್ಲಿ ಒಬ್ರು ಇಳ್ದು ತಂದ್ಕೊಡಾಕೆ ಏನ್ ದಾಡಿ?"

ಈಗ ಇಳಿಯಬೇಕಾದವರು ಕಟ್ಟೆಯ ಮೇಲಿದ್ದವರು. ಬಸ್ಸಿಗೆ ಬಸ್ಸೇ ಅವರನ್ನು ನೋಡುತ್ತಿತ್ತು. ಒಬ್ಬರೂ ಇಳಿಯಲಿಲ್ಲ. ಒಬ್ಬರು ಬೇವಿನ ಮರವನ್ನು ನೋಡಿದರು, ಒಬ್ಬರು ಉಗುರು ನೋಡಿಕೊಂಡರು.

ಅಂಗಡಿಯಿಂದ ಪುಷ್ಪಾವತಿ ಹೊರಬಂದಳು. ಕೈಯಲ್ಲಿ ಬಾಟಲಿ. ಮಂಡಿ ಹಿಡಿದುಕೊಂಡು, ದಾರಿಯುದ್ದಕ್ಕೂ ಗೊಣಗುತ್ತಾ ಬಂದಳು. "ಅವ್ನು ಇಳಿಯಂಗಿಲ್ಲ, ಇವ್ರು ಇಳಿಯಂಗಿಲ್ಲ. ಮಧ್ಯ ನನ್ ಮಂಡಿ ಹಾಳು. ಹಿಡ್ಕೊಳ್ಳಪ್ಪ."

ಆ ಅಂಗಡಿಯಲ್ಲಿ ಕಾಲೋನಿಯವರಿಗೆ ಸಾಮಾನನ್ನು ಮೇಲಿನಿಂದ ಅಂಗೈಗೆ ಬೀಳಿಸುವುದು ವಾಡಿಕೆ. ತುಂಬಿದ ಬಾಟಲಿಯನ್ನು ಹಾಗೆ ಬೀಳಿಸಲಾಗುವುದಿಲ್ಲ. ಕೈಯಿಂದ ಕೈಗೆ ಕೊಟ್ಟಳು. ಇಬ್ಬರೂ ಒಂದು ಗಳಿಗೆ ಆ ಬಾಟಲಿಯನ್ನು ಹಿಡಿದೇ ಇದ್ದರು.

ಕೂತಂತೆಯೇ ಟ್ಯಾಂಕಿನ ಮುಚ್ಚಳ ತೆಗೆದು ಸುರಿದ. ಅರ್ಧ ಒಳಗೆ, ಒಂದಿಷ್ಟು ಪ್ಯಾಂಟಿನ ಮೇಲೆ. ಸೆಲ್ಫ್ ಒತ್ತಿದ. ಕುಯ್ ಕುಯ್. ಮತ್ತೆ ಒತ್ತಿದ. ಮೂರನೆಯ ಸಲಕ್ಕೆ ಹತ್ತಿತು. ಕ್ಲಚ್ ಬಿಟ್ಟದ್ದು ಜಾಸ್ತಿಯಾಗಿ ಗಾಡಿ ಆಡಿನಂತೆ ನೆಗೆದು ಹಾರ ಕಿತ್ತುಬಿತ್ತು. ಬಸ್ಸಿನಲ್ಲಿದ್ದವರು ಕೇಕೆ ಹಾಕಿದರು. ನರಸಿಂಹರಾಜು ಹಿಂದೆ ತಿರುಗಿ ನೋಡದೆ ಹೋದ. ತಿರುಗಿ ನೋಡಿಕೊಂಡು ಓಡಿಸುವಷ್ಟು ಅವನಿಗೆ ಇನ್ನೂ ಬರುತ್ತಿರಲಿಲ್ಲ.

ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಬಾಗಿಲಲ್ಲಿ ಅವ್ವ ದೊಡ್ಡಕ್ಕ ನಿಂತಿದ್ದಳು, ಎಪ್ಪತ್ತು ದಾಟಿದವಳು.

"ಇಳಿದ್ಯಾ?"

"ಇಲ್ಲ ಕಣವ್ವ."

"ಎಷ್ಟೊತ್ತು ಕುಂತಿದ್ದೆ?"

"ಬಸ್ ಬರೋಗಂಟ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ತಿರುಗ್ಸು. ನನ್ ಕೂರುಸ್ಕೋ."

"ಅವ್ವಾ, ಹಿಂದೆ ಯಾರ್ನೂ ಕೂರುಸ್ಕೊಂಡು ಓಡ್ಸಿಲ್ಲ ಕಣವ್ವ. ಬಿದ್ದುಗಿದ್ದು..."

"ಬಿದ್ರೆ ಬೀಳಾನ. ನಿಮ್ಮಪ್ಪನ ಹಿಂದೆ ಆ ಬೀದೀಲಿ ಬರೀ ನಡ್ದಿದೀನಿ."

ಸಹನಾ ಅಜ್ಜಿಯನ್ನು ಎತ್ತಿ ಕೂರಿಸಿದಳು. ಮುದುಕಿ ಮಗನ ಅಂಗಿಯನ್ನು ಎರಡು ಮುಷ್ಟಿಯಲ್ಲಿ ಹಿಡಿದಳು. ದೊಡ್ಡಬೀದಿಗೆ ಬಂದಾಗ ಬಸ್ಸು ಹೋಗಿತ್ತು, ಕಟ್ಟೆಯವರು ಅಲ್ಲೇ ಇದ್ದರು, ನೆಲದ ಮೇಲೆ ಸೇವಂತಿಗೆ ಬಿದ್ದಿತ್ತು. ಬೇಗ ದಾಟಿಬಿಡೋಣ ಎಂದು ಅವನು ಆಕ್ಸಿಲರೇಟರ್ ತಿರುವುವಷ್ಟರಲ್ಲಿ ಬೆನ್ನಿಗೊಂದು ಗುದ್ದು ಬಿತ್ತು.

"ನಿಲ್ಸ್ಲಾ."

"ಅವ್ವಾ, ಆಫಾಗೋಗ್ತದೆ!"

"ನಿಲ್ಸು ಅಂದೆ."

ನಿಲ್ಲಿಸಿದ. ಕಟ್ಟೆಗೂ ಅಂಗಡಿಗೂ ನಡುವೆ, ಪ್ರಾಣವನ್ನೆಲ್ಲ ಎಡಗೈಗೆ ತಂದುಕೊಂಡು ಕ್ಲಚ್ ಹಿಡಿದ. ದೊಡ್ಡಕ್ಕ ಗಾಡಿಯ ಮೇಲೆ ನೆಟ್ಟಗೆ ಕೂತು, ಪರ್ವತಯ್ಯನವರನ್ನು ಒಮ್ಮೆ ನೋಡಿ, ಅಂಗಡಿಯ ಕಡೆ ಮುಖ ತಿರುಗಿಸಿ ಗಟ್ಟಿಯಾಗಿ ಕೂಗಿದಳು.

"ಪುಷ್ಪಾವತೀ, ಎಂಗೂ ಎದ್ದಿದೀಯ. ಒಂದ್ ಕಟ್ಟು ಎಲೆ ತಗೊಂಡ್ ಬಾರವ್ವ."

ಪುಷ್ಪಾವತಿ ಹಣೆ ಚಚ್ಚಿಕೊಂಡಳು. ಆಮೇಲೆ ವೀಳ್ಯದೆಲೆಯ ಬುಟ್ಟಿಗೆ ಕೈ ಹಾಕಿದಳು.

ಅವಳು ಮಂಡಿ ಹಿಡಿದುಕೊಂಡು ಬಂದು ಎಲೆ ಕೊಟ್ಟು ಹೋಗುವವರೆಗೂ ಗಾಡಿ ಗುಡುಗುಡು ಅನ್ನುತ್ತಲೇ ಇತ್ತು. ಆಫಾಗಲಿಲ್ಲ.