ಆಟಕ್ಕೆ ಬೆನ್ನು ಹಾಕಿ ಕೂತ ಮೋನಾಕ

ಆ ಶುಕ್ರವಾರ ಏನೇನು ಕೆಡಬಹುದಿತ್ತು ಎಂಬುದು ನನಗೆ ಈಗಲೂ ಬಾಯಿಪಾಠ. ಮಗಳು ಸಿರಿಯ ಹೆಗಲ ಮೂಳೆ ಮುರಿಯಬಹುದಿತ್ತು. ಎರಡು ವರ್ಷ ತಂತಿ ಕಟ್ಟಿಸಿ ಸಾಲಿಗೆ ತಂದ ಮುಂಬಲ್ಲು ಹುಲ್ಲಿನಲ್ಲಿ ಕಳೆದುಹೋಗಬಹುದಿತ್ತು. ಧೂಳುಗಾಳಿ ಎದ್ದು ರಗ್ಬಿಯ ಆಯ್ಕೆ ಪಂದ್ಯವೇ ರದ್ದಾಗಬಹುದಿತ್ತು. ಒಪ್ಪಿಗೆ ಪತ್ರದ ಮೇಲೆ ಸೊಟ್ಟಗೆ ಬಿದ್ದ ನನ್ನ ಸಹಿ ನನ್ನದಲ್ಲವೆಂದು ಯಾರಾದರೂ ತಕರಾರು ತೆಗೆಯಬಹುದಿತ್ತು. ಇಂಗ್ಲೆಂಡಿನಿಂದ ಬಂದಿದ್ದ ಆಯ್ಕೆಗಾರ್ತಿಯ ಹೊಟ್ಟೆ, ನನ್ನ ಕಾರು, ನನ್ನ ಬಿಪಿ, ನನ್ನ ಹೆಂಡತಿಯ ತಾಳ್ಮೆ, ಇವುಗಳಲ್ಲಿ ಒಂದಾದರೂ ಕೈಕೊಡಬಹುದಿತ್ತು. ವಿಮಾ ಕಂಪನಿಯಲ್ಲಿ ಅಪಾಯಗಳನ್ನು ಪಟ್ಟಿ ಮಾಡುವುದೇ ನನ್ನ ಉದ್ಯೋಗವಾದ್ದರಿಂದ ಎಲ್ಲವನ್ನೂ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದೆ. ಮೋನಾಕ ಇದ್ದಿದ್ದರೆ ಓದಿ ನೋಡಿ, "ಭೂಕಂಪ ಬಿಟ್ಟುಹೋಗಿದೆ ಸರ್" ಎನ್ನುತ್ತಿದ್ದರು.

ಪಾಸ್‌ಪೋರ್ಟಿನಲ್ಲಿ ಮೊಹಮ್ಮದ್, ಎಲ್ಲರ ಬಾಯಲ್ಲಿ ಮೋನಾಕ. ಉಳ್ಳಾಲದವರು. ಇಲ್ಲಿ ದೋಹಾದ ಹಮದ್ ಬಂದರಿನಲ್ಲಿ ಕ್ರೇನಿಗೆ ಕೈಸನ್ನೆ ಮಾಡುವ ಕೆಲಸ. ಆಕಾಶದಲ್ಲಿ ಕೂತ ಚಾಲಕನಿಗೆ ಕೆಳಗಿನ ಮಾತು ಕೇಳಿಸದು. ಮೋನಾಕರ ಬೆರಳೇ ಬಾಯಿ. ಊರಿನಲ್ಲಿ ಕಬಡ್ಡಿ ಆಡುತ್ತಿದ್ದವರು. ಇಲ್ಲಿಗೆ ಬಂದ ಹೊಸದರಲ್ಲಿ, ಇಂಗ್ಲಿಷ್ ಇಂಜಿನಿಯರುಗಳ ರಗ್ಬಿ ಲೀಗ್ ತಂಡಕ್ಕೆ ಒಂದು ವಾರ ಆಳು ಕಡಿಮೆಯಾಗಿ ಇವರನ್ನು ಕರೆದರಂತೆ. ಆರಡಿಯ ಆಸಾಮಿಯೊಬ್ಬನನ್ನು ಕಬಡ್ಡಿಯ ಪಟ್ಟು ಹಾಕಿ ಮಲಗಿಸಿದ ಮೇಲೆ ಅವರು ಇವರನ್ನು ಬಿಡಲಿಲ್ಲ. ಆಡುವ ವಯಸ್ಸು ದಾಟಿದ ಮೇಲೆ ಒಳ್ಳೆಯ ಎಳೆಯರನ್ನು ಹುಡುಕಿಕೊಡುವ ಕೆಲಸವನ್ನು ತಾವಾಗಿಯೇ ಹಚ್ಚಿಕೊಂಡರು. ಹುಡುಕುವ ರೀತಿ ಮಾತ್ರ ವಿಚಿತ್ರ. ಚೆಂಡಿರುವ ಕಡೆಗೆ ಬೆನ್ನು ಹಾಕಿ, ಚೆಂಡಿಲ್ಲದ ಕಡೆ ನೋಡುತ್ತಾ ಕೂರುವರು.

ಅಬು ಹಮೂರಿನ ಹತ್ತಿರ ಕನ್ನಡದವರ ಪಿಕ್‌ನಿಕ್ಕಿನಲ್ಲಿ ಹುಡುಗಿಯರು ಫುಟ್‌ಬಾಲ್ ಆಡುತ್ತಿದ್ದಾಗ ಹೀಗೆ ತಿರುಗಿ ಕೂತಿದ್ದ ಇವರು ಎದ್ದು ಬಂದು ನನ್ನನ್ನು ಕೇಳಿದರು, "ಆ ಮೂಲೆಯಲ್ಲಿರುವ ಉದ್ದ ಜಡೆಯ ಹುಡುಗಿ ನಿಮ್ಮದಾ?"

ದೂರು ಎಂದುಕೊಂಡು ನಾನು ಮೊದಲೇ "ಸಾರಿ" ಎಂದೆ.

"ಸಾರಿ ಎಂತದು ಮಾರಾಯ್ರೆ! ಹದಿನೇಳು ನಿಮಿಷ ಅವಳ ಹತ್ರ ಚೆಂಡೇ ಬರ್ಲಿಲ್ಲ. ಒಮ್ಮೆ ಜಡೆ ಮುಟ್ಟಲಿಲ್ಲ, ಒಮ್ಮೆ ಆಚೆ ಈಚೆ ನೋಡ್ಲಿಲ್ಲ. ಚೆಂಡು ಎಲ್ಲಿಗೆ ಹೋದ್ರೂ ಇವಳು ಇಲ್ಲಿ ಎರಡು ಹೆಜ್ಜೆ ಜಾಗ ಬದಲಿಸ್ತಾಳೆ. ರಗ್ಬಿಯಲ್ಲಿ ಅಂಚಿನಲ್ಲಿ ಓಡುವವರಿಗೆ ಇದೇ ಬೇಕಾದ್ದು. ಓಡ್ಲಿಕ್ಕೆ ನಾಯಿಗೂ ಬರ್ತದೆ. ಕಾಯ್ಲಿಕ್ಕೆ ಬರ್ಬೇಕು."

ಹದಿನಾರು ವರ್ಷ ಸಾಕಿದ ನನಗೆ ಅವಳ ಈ ಗುಣ ಗೊತ್ತಿರಲಿಲ್ಲ. ಹೋಮ್‌ವರ್ಕನ್ನು ಮುಂದೂಡುವುದು ಗೊತ್ತಿತ್ತು, ಅಷ್ಟೆ.

ಅಲ್ಲಿಂದ ಪ್ರತಿ ಶುಕ್ರವಾರ ಅಭ್ಯಾಸ. ಮೋನಾಕ ಕೂಗುತ್ತಿರಲಿಲ್ಲ. ಮೈದಾನದಂಚಿನಲ್ಲಿ ನಿಂತು ಕ್ರೇನಿನ ಸನ್ನೆಗಳನ್ನೇ ಮಾಡುವರು. ಮುಷ್ಟಿ ಕಟ್ಟಿದರೆ 'ಕಾಯಿ'. ತೋರುಬೆರಳು ಮೇಲೆತ್ತಿ ಸುತ್ತಿಸಿದರೆ 'ಎತ್ತು', ಅಂದರೆ 'ಓಡು'. ಆಟದ ನಿಯಮ ನನಗೆ ಕಲಿಸಿದ್ದೂ ಅವರೇ. "ಆರು ಸಲ ಹಿಡಿದು ಬೀಳಿಸುವ ತನಕ ಚೆಂಡು ನಮ್ಮದು ಸರ್. ಆರು ಸಲ ಬೀಳ್ಲಿಕ್ಕೆ ಚಾನ್ಸ್! ನಿಮ್ಮ ಆಫೀಸಲ್ಲಿ ಎಷ್ಟು ಸಲ ಕೊಡ್ತಾರೆ?"

ಸುದ್ದಿ ಹರಡಿತು. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬೆಂಗಳೂರಿನ ಮೂರ್ತಿಯವರು ಬುದ್ಧಿ ಹೇಳಲೆಂದೇ ಬಂದರು. ಮೋನಾಕರೂ ಅಲ್ಲೇ ಇದ್ದರು.

"ಹೆಣ್ಣುಮಗು ಕಣ್ರೀ. ನಾಳೆ ಮುಖಕ್ಕೆ ಹೊಲಿಗೆ ಬಿದ್ರೆ ಯಾರ್ರೀ ಮದುವೆ ಆಗ್ತಾರೆ? ಸುಮ್ನೆ ವೀಣೆಗೆ ಹಾಕಿ."

ಒಳಗೊಳಗೇ ನಾನು ಮೂರ್ತಿಯವರ ಪಕ್ಷ. ಚಕ್ಕುಲಿಯ ತಟ್ಟೆಯನ್ನು ಅವರತ್ತ ಸರಿಸಿದೆ.

ಮೋನಾಕ ಚಹಾದ ಲೋಟ ಕೆಳಗಿಟ್ಟರು. "ಮೂರ್ತಿ ಸರ್, ದಿನಾ ನನ್ನ ತಲೆ ಮೇಲೆ ಮೂವತ್ತು ಟನ್ ತೂಗಾಡ್ತದೆ. ನೀವು ಒಮ್ಮೆಯಾದ್ರೂ 'ಮೋನಾಕ, ಹುಷಾರು' ಹೇಳಿದ್ದುಂಟಾ? ಇವಳು ಬಿದ್ರೆ ಹುಲ್ಲಿನ ಮೇಲೆ ಬೀಳ್ತಾಳೆ. ಹೊಲಿಗೆ ನೋಡಿ ಓಡಿಹೋಗುವ ಗಂಡು ಇವಳಿಗೆ ಎಂತಕ್ಕೆ? ಓಟದಲ್ಲಿ ಹೇಗೂ ಇವಳೇ ಮುಂದೆ!"

ಬಾಗಿಲ ಹಿಂದಿನಿಂದ ಸಿರಿ ನಕ್ಕಿದ್ದು ಎಲ್ಲರಿಗೂ ಕೇಳಿಸಿತು. ಮೂರ್ತಿಯವರು ಎರಡನೇ ಚಕ್ಕುಲಿ ಮುಟ್ಟಲಿಲ್ಲ.

ನಿಜವಾದ ಪರೀಕ್ಷೆ ಒಪ್ಪಿಗೆ ಪತ್ರ ಬಂದಾಗ. ಇಂಗ್ಲೆಂಡಿನ ತರಬೇತಿ ಶಿಬಿರಕ್ಕೆ ದೋಹಾದಿಂದ ಒಬ್ಬಳನ್ನು ಮಾತ್ರ ಆರಿಸುವರು. ಅಪ್ಪನ ಸಹಿ ಇಲ್ಲದೆ ಮೈದಾನಕ್ಕೇ ಇಳಿಸುವುದಿಲ್ಲ. ನಾನು ನಾಲ್ಕು ದಿನ ಪತ್ರವನ್ನು ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದೆ. ಸಿರಿ ಮಾತು ಬಿಟ್ಟಳು. ಐದನೇ ದಿನ ಮೋನಾಕ ಪಾರ್ಕಿಂಗಿನಲ್ಲಿ ನನ್ನನ್ನು ಅಡ್ಡಗಟ್ಟಿದರು.

"ಇಷ್ಟು ವರ್ಷದಲ್ಲಿ ಐದು ಮಕ್ಕಳನ್ನು ಹುಡುಕಿದೆ ಸರ್. ಅವರನ್ನು ಎದುರು ತಂಡದವರು ಹಿಡೀಲಿಲ್ಲ. ಅಪ್ಪಂದಿರು ಹಿಡಿದ್ರು. ಇವಳು ಆರನೆಯವಳು. ಇನ್ನು ನನಗೆ ಚಾನ್ಸ್ ಇಲ್ಲ, ಅರವತ್ತಾಯ್ತು, ವೀಸಾ ಖಲಾಸ್."

"ಬಿದ್ದುಬಿಟ್ರೆ ಮೋನಾಕ?"

"ಬೀಳ್ತಾಳೆ. ಸೈನ್ ಹಾಕಿ."

ಕಾರಿನ ಬಾನೆಟ್ಟಿನ ಮೇಲೇ ಹಾಕಿದೆ.

ಪಂದ್ಯಕ್ಕೆ ಮೂರು ದಿನ ಮೊದಲು ಅವರು ಊರಿಗೆ ಹೊರಟರು. ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟೆ. ಒಳಗೆ ಹೋಗುವ ಮುನ್ನ ನನ್ನ ಮುಂಗೈ ಹಿಡಿದು, "ಅವಳು ಓಡುವುದು ನಂಗೆ ನೋಡ್ಬೇಕು. ವಿಡಿಯೋ ಮಾಡಿ. ಕ್ಯಾಮೆರಾ ಹುಡುಗಿ ಮೇಲೆ. ಚೆಂಡಿನ ಹಿಂದೆ ಹೋಗ್ಬೇಡಿ, ಕಣ್ಣು ಮುಚ್ಬೇಡಿ. ಯಲ್ಲಾ, ಹೊರಟೆ" ಎಂದರು. ನಾವು ಕೊನೆಯ ಸಲ ಎದುರುಬದುರು ನಿಂತದ್ದು ಅದು.

ಶುಕ್ರವಾರ ಗಾಳಿ ಏಳಲಿಲ್ಲ. ಕಾರು ಓಡಿತು. ಆಯ್ಕೆಗಾರ್ತಿ ಗಟ್ಟಿಮುಟ್ಟಾಗಿ ಬಂದಳು. ಸಿರಿ ನಾಲ್ಕು ಸಲ ಬಿದ್ದಳು, ನಾಲ್ಕು ಸಲವೂ ಎದ್ದಳು, ಹಲ್ಲು ಒಂದೂ ಕಳೆಯಲಿಲ್ಲ. ಮೋನಾಕ ನಿಲ್ಲುತ್ತಿದ್ದ ಜಾಗ ಖಾಲಿ. ಆಟದ ಕೊನೆಗೆ ಅವಳು ಆ ಖಾಲಿ ಜಾಗದತ್ತ ಒಮ್ಮೆ ನೋಡಿ, ತಾನೇ ತೋರುಬೆರಳು ಎತ್ತಿ ಸುತ್ತಿಸಿದಳು. ಮರುಕ್ಷಣ ಚೆಂಡು ಅವಳ ಕೈಗೆ ಬಂತು. ಮೈದಾನದ ಅರ್ಧದಿಂದ ಅಂಚು ಹಿಡಿದು ಓಡಿದಳು. ಮೂವರು ಕೈಚಾಚಿದರು, ಮೂವರಿಗೂ ಗಾಳಿ ಸಿಕ್ಕಿತು. ಗೆರೆ ದಾಟಿ ಚೆಂಡು ನೆಲಕ್ಕೊತ್ತಿದಳು. ಸಂಜೆ ಪಟ್ಟಿಯಲ್ಲಿ ಒಂದೇ ಹೆಸರಿತ್ತು, ನಮ್ಮ ಸಿರಿಯದು.

ನಾನು ತೆಗೆದ ವಿಡಿಯೋವನ್ನು ತಿರುಗಿ ನೋಡದೆ ಅಲ್ಲಿಂದಲೇ ಉಳ್ಳಾಲಕ್ಕೆ ಕಳಿಸಿದ್ದೆ. ಉತ್ತರ ಬಂದದ್ದು ಮಾರನೆಯ ದಿನ, ಅವರದೇ ದನಿಯಲ್ಲಿ:

"ಸರ್, ಕಾಯುವುದು ಪೂರಾ ಬಂದಿದೆ, ಬಹಳ ಚಂದ ಕಾದಿದ್ದಾಳೆ. ಕಡೆಗೆ ಬೆರಳು ಎತ್ತಿದ್ಲು, ಅದೂ ನೋಡಿದೆ. ಅಲ್ಲಿಂದ ಮುಂದೆ ನೀವು ಬೊಬ್ಬೆ ಹೊಡೆಯುವುದು ಕೇಳ್ತದೆ, ನಿಮ್ಮ ಚಪ್ಪಲಿ ಓಡುವುದು ಕಾಣ್ತದೆ. ಚಪ್ಪಲಿ ಒಳ್ಳೆ ಸ್ಪೀಡುಂಟು. ಮಗಳು ಎಲ್ಲಿ?"