ನಂಜಮ್ಮನ ಮನೆ ಮತ್ತು ನನ್ನ ಫುಲ್ ಫ್ರೇಮ್

"ಮೇಡಂ, ಭುಜ ಬೇಕೋ, ಕ್ಯಾಮೆರಾ ಬೇಕೋ? ಡಿಸೈಡ್ ಮಾಡಿ" ಅಂದಳು ಸದಾಶಿವನಗರದ ಫಿಸಿಯೋಥೆರಪಿ ಹುಡುಗಿ. ನನ್ನ ಬಲಗೈಯನ್ನು ಕಿವಿಯ ತನಕ ಎತ್ತಿಸಲು ಹೊರಟಿದ್ದಳು. ಅದು ಎದೆಮಟ್ಟಕ್ಕೆ ಬಂದು ಸ್ಟ್ರೈಕ್ ಮಾಡಿತು.

ಎರಡೂ ಬೇಕು ಅಂದೆ. ಎಪ್ಪತ್ತೆರಡನೇ ವಯಸ್ಸಿಗೆ ಇಷ್ಟು ಗ್ರೀಡಿ ಆಗಬಾರದು, ಗೊತ್ತು. ಆದರೆ ಇಂಗ್ಲಿಷ್ ಪಾಠ ಹೇಳುವುದು ಮುಗಿದ ಮೇಲೆ ನನ್ನನ್ನು ಮನೆಯಿಂದ ಹೊರಡಿಸುವುದು ಈ ಕ್ಯಾಮೆರಾ ಒಂದೇ. ಅದಿಲ್ಲದೆ ಯಾರ ಮನೆ ಬಾಗಿಲಿಗೆ ಏನು ನೆಪ ಹೇಳಿಕೊಂಡು ಹೋಗಲಿ?

ನನ್ನದು ಫುಲ್ ಫ್ರೇಮ್, ದೊಡ್ಡ ಜಾತಿಯ ಕ್ಯಾಮೆರಾ. ಲೆನ್ಸ್ ಹಾಕಿದರೆ ಎಳೆ ಹಲಸಿನಕಾಯಿ ಎತ್ತಿಕೊಂಡ ಹಾಗೆ. ಗುಬ್ಬಿಯಲ್ಲಿ ಸ್ಟುಡಿಯೋ ಇಟ್ಟಿರುವ ನನ್ನ ಹಳೇ ಸ್ಟೂಡೆಂಟ್ ಲೋಕೇಶನ ಹತ್ತಿರ ಕಷ್ಟ ಹೇಳಿಕೊಂಡೆ.

"ಮಿರರ್‌ಲೆಸ್‌ಗೆ ಬನ್ನಿ ಮಿಸ್, ಒಳಗೆ ಕನ್ನಡಿ ಇಲ್ಲದ್ದು. ಸಣ್ಣ ಸೆನ್ಸರ್‌ದು. ಅರ್ಧ ತೂಕಾನೂ ಇರಲ್ಲ."

(ಸೆನ್ಸರ್ ಅಂದರೆ, ಹಿಂದೆ ಫಿಲಂ ಕೂರುತ್ತಿದ್ದ ಜಾಗದಲ್ಲಿ ಈಗ ಬೆಳಕು ಹಿಡಿಯುವ ಚಿಪ್. ಈ ಸಣ್ಣದು ನನ್ನದರ ಕಾಲು ಭಾಗ.)

"ಕಾಲು ಭಾಗದಲ್ಲಿ ಏನೋ ಬರುತ್ತೆ, ಲೋಕೇಶ?"

"ಕತ್ಲಲ್ಲಿ ಗ್ರೇನ್ ಬರುತ್ತೆ, ಫೋಟೋ ಕಾಳು ಕಾಳಾಗಿ ಕಾಣುತ್ತೆ, ಸುಳ್ಳು ಹೇಳಲ್ಲ. ಬ್ಯಾಕ್‌ಗ್ರೌಂಡ್ ಬ್ಲರ್ರೂ ನಿಮ್ಮದರಷ್ಟು ಬರಲ್ಲ. ಒಂದು ವಾರ ನಂದೇ ಇಟ್ಕೊಂಡು ನೋಡಿ ಮಿಸ್."

ಆ ಬ್ಲರ್ ಇದೆಯಲ್ಲ, ಅದೇ ನನ್ನ ವೀಕ್‌ನೆಸ್. ಮುಖ ಶಾರ್ಪ್ ಇರಬೇಕು, ಹಿಂದಿನದೆಲ್ಲ ಬೆಣ್ಣೆ ಹಾಗೆ ಕರಗಿರಬೇಕು. ಕಾನ್ವೆಂಟಿನ ಡ್ರಾಯಿಂಗ್ ಕ್ಲಾಸಿನಲ್ಲಿ ಸಿಸ್ಟರ್ ಕಲಿಸಿದ್ದೂ ಅದನ್ನೇ: ಒಂದನ್ನು ಆರಿಸಿಕೋ, ಉಳಿದದ್ದನ್ನು ಬಿಡು. ಆ ಸಿಸ್ಟರ್ ಈಗಿಲ್ಲ. ಆ ರೂಮಿನಲ್ಲಿ ಕಂಪ್ಯೂಟರುಗಳಿವೆ. ಪಾಠ ಮಾತ್ರ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ.

ಟೆಸ್ಟಿಗೆ ಸಿಕ್ಕವಳು ನಂಜಮ್ಮ. ನಮ್ಮ ಸ್ಕೂಲಿನಲ್ಲಿ ಆಯಾ ಆಗಿದ್ದವಳು, ಈಗ ಅಮೃತೂರಿನಲ್ಲಿ ಹೊಸದಾಗಿ ತಾರಸಿ ಮನೆ ಕಟ್ಟಿಸಿದ್ದಾಳೆ. "ಬಂದು ಒಂದು ಫೋಟೋ ಹೊಡ್ಕೊಡಿ ಟೀಚರಮ್ಮ, ಹಾಲ್‌ಗೆ ಹಾಕ್ತೀನಿ" ಅಂತ ಫೋನ್ ಮಾಡಿದ್ದಳು.

ಎರಡು ಕ್ಯಾಮೆರಾ ಬ್ಯಾಗಿಗೆ ಹಾಕಿಕೊಂಡು, ಕುಣಿಗಲ್ಲಿನಲ್ಲಿ ಬಸ್ ಬದಲಿಸಿ ಹೋದೆ. ಮನೆ ಮುಂದೆ ಅವಳನ್ನು ನಿಲ್ಲಿಸಿದೆ. ದೊಡ್ಡದರಲ್ಲಿ ಮೂರು ಫೋಟೋ ತೆಗೆಯುವಷ್ಟರಲ್ಲಿ ಭುಜ ಅಳುತ್ತಿತ್ತು. ಸಣ್ಣದರಲ್ಲಿ, ಎಡಗೈಯಲ್ಲಿ ಎಳನೀರು ಹಿಡಿದುಕೊಂಡೇ ಮೂವತ್ತು ತೆಗೆದೆ. ಆಮೇಲೆ ಅಡುಗೆಮನೆಯ ಮಬ್ಬಿನಲ್ಲಿ ಅವಳು ಮುದ್ದೆ ತೊಳಸುವಾಗಲೂ ಸಣ್ಣದರಲ್ಲೇ ಕ್ಲಿಕ್.

ಲೋಕೇಶ ಎಲ್ಲವನ್ನೂ ಒಂದೇ ಅಳತೆಗೆ ಪ್ರಿಂಟ್ ಹಾಕಿಕೊಟ್ಟ. ದೊಡ್ಡದರಲ್ಲಿ ಬಂದ ನಂಜಮ್ಮ! ಒಂದೊಂದು ಸುಕ್ಕೂ ಒಂದೊಂದು ಗೆರೆ, ಹಿಂದೆ ಕರಗಿದ ಗೋಡೆಯ ಗುಲಾಬಿ ಬಣ್ಣ. ಎಕ್ಸಿಬಿಷನ್ ಪೀಸ್. ಭುಜ ಹಾಳಾಗಿ ಹೋಗಲಿ, ಫುಲ್ ಫ್ರೇಮ್ ಬಿಡುವುದಿಲ್ಲ ಅಂತ ಅಲ್ಲೇ ತೀರ್ಮಾನಿಸಿದೆ.

ಮರುವಾರ ಪ್ರಿಂಟುಗಳನ್ನು ಅವಳ ಮುಂದೆ ಹರಡಿದೆ. ನಂಜಮ್ಮ ಸೆರಗಿಗೆ ಕೈ ಒರೆಸಿಕೊಂಡು ನನ್ನ ಮಾಸ್ಟರ್‌ಪೀಸನ್ನು ಎತ್ತಿಕೊಂಡಳು. ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

"ಮನೆ ಎಲ್ಲಿ?"

"ಹಿಂದೆ ಇದೆಯಲ್ಲ ಕಣೇ, ಸಾಫ್ಟಾಗಿ."

"ಏನ್ ಸಾಫ್ಟೋ. ಮಂಜು ಕವ್ಕೊಂಡಂಗೈತೆ. ನನ್ ಮುಖಾನ ದಿನಾ ಕನ್ನಡೀಲಿ ನೋಡ್ತೀನಿ. ಇದನ್ನ ಹೊಡೆಯಕ್ಕಾ ಎರಡು ಬಸ್ ಹತ್ಕೊಂಡು ಬಂದಿದ್ದು?"

ಅವಳು ಸಣ್ಣ ಕ್ಯಾಮೆರಾದ ಪ್ರಿಂಟ್ ಎತ್ತಿಕೊಂಡಳು. ಬೆರಳು ಅವಳ ಮುಖದ ಮೇಲೆ ನಿಲ್ಲಲೇ ಇಲ್ಲ. ಕಿಟಕಿಗೆ ಹೋಯಿತು, ಮೆಟ್ಟಿಲಿಗೆ ಹೋಯಿತು, ಬಾಗಿಲ ಮೇಲಕ್ಕೆ ಹೋಗಿ ನಿಂತಿತು. ಅಲ್ಲಿ ಸಿಮೆಂಟಿನಲ್ಲಿ 'ನಂಜಮ್ಮ ನಿಲಯ' ಅಂತ ಬರೆಸಿದ್ದಳು.

"ಹಾಂ, ಇದ್ರಲ್ಲಿ ಹೆಸ್ರು ಓದಕ್ಕಾಯ್ತದೆ."

ನಿಜ ಹೇಳಲೇ? ಅವಳ ಮನೆ ಮುಂದೆ ಅಷ್ಟು ಹೊತ್ತು ನಿಂತಿದ್ದರೂ ಆ ಹೆಸರನ್ನು ನಾನು ನೋಡಿರಲಿಲ್ಲ.

ಅಡುಗೆಮನೆ ಫೋಟೋ ಕಂಡು ಮುಖ ಕಿವುಚಿದಳು. "ಇದ್ಯಾಕೆ ಮುಖದ್ ಮೇಲೆ ರವೆ ಉದುರಿದಂಗೈತೆ?"

"ಬೆಳಕು ಸಾಲಲಿಲ್ಲ. ದೊಡ್ಡದರಲ್ಲಿ ತೆಗೆದಿದ್ದರೆ..."

"ಕರೆದಿದ್ರೆ ಈಚೆ ಬರ್ತಿದ್ದೆ ಬುಡಿ. ನನ್ನೇನ್ ಒಲೆಗೆ ಕಟ್ಟಾಕವ್ರಾ?"

ಯಾವ ಕ್ಯಾಮೆರಾ ರಿವ್ಯೂನಲ್ಲೂ ಈ ಪರಿಹಾರ ನಾನು ಓದಿಲ್ಲ. (ದೊಡ್ಡದರಲ್ಲೂ ಸೆಟ್ಟಿಂಗ್ ಬದಲಿಸಿದ್ದರೆ ಮನೆ ಕಾಣುತ್ತಿತ್ತು ಅಂತ ಲೋಕೇಶ ಆಮೇಲೆ ನೆನಪಿಸಿದ. ಕಾಣುತ್ತಿತ್ತು, ಸರಿ. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಬದಲಿಸಿದ್ದೆನೇ?)

ಸಣ್ಣದನ್ನೇ ತಗೊಂಡೆ. ಮುಸ್ಸಂಜೆಯ ಫೋಟೋಗಳು ಇನ್ನು ಅಷ್ಟು ಚೆನ್ನಾಗಿ ಬರುವುದಿಲ್ಲ. ಕೈ ಮಾತ್ರ ಈಗ ಕಣ್ಣಿನ ತನಕ ಏಳುತ್ತದೆ.

ನಿನ್ನೆ ಹಳೇ ಫೋಟೋಗಳನ್ನೆಲ್ಲ ತೆಗೆದು ಕೂತಿದ್ದೆ. ಗುಬ್ಬಿಯ ಹೂವಿನವಳು, ಹಿರೇಹಳ್ಳಿ ವರ್ಕ್‌ಶಾಪಿನ ಮೇಸ್ತ್ರಿ, ಕೆರೆ ಏರಿಯ ಮೇಲೆ ಕಂಡ ಅಜ್ಜ. ಎಲ್ಲರ ಮುಖವೂ ಕನ್ನಡಿಯಷ್ಟು ಶಾರ್ಪ್, ಹಿಂದೆ ಬರೀ ಬೆಣ್ಣೆ. ಕೆಲವರು ಈಗಿಲ್ಲ.

ಅವರು ಬೆನ್ನ ಹಿಂದೆ ಏನನ್ನು ತೋರಿಸಲೆಂದು ನಿಂತಿದ್ದರೋ, ಈಗ ಯಾರನ್ನು ಕೇಳಲಿ?